ಅಧ್ಯಕ್ಷರ ದನಿಯಲ್ಲಿ ನೀರೆಷ್ಟು?

ಹಾಲಿನ ಡೈರಿಯಲ್ಲಿ ಟೆಸ್ಟರ್ ಕೆಲಸ ಮಾಡುವವನಿಗೆ ಸ್ನೇಹಿತರಿರುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಊರಿನವರೆಲ್ಲ ಬೆಳಿಗ್ಗೆ ಎದ್ದು, ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಪಾತ್ರೆ ಹಿಡಿದು ಬಂದು ಸಾಲಿನಲ್ಲಿ ನಿಂತಿರುವಾಗ, ಒಬ್ಬೊಬ್ಬರ ಪಾತ್ರೆಯಿಂದಲೂ ಒಂದಿಷ್ಟು ಹಾಲು ತೆಗೆದು, ಅದರಲ್ಲಿ ಗಾಜಿನ ಕಡ್ಡಿ ಬಿಟ್ಟು, ಕಡ್ಡಿ ಎಲ್ಲಿಯತನಕ ಮುಳುಗಿತು ಎಂದು ಬಗ್ಗಿ ನೋಡಿ, "ನೀರಿದೆಯಲ್ಲಾ" ಎನ್ನುವವನನ್ನು ಯಾರು ತಾನೆ ಮನೆಗೆ ಕರೆದು ಕೂರಿಸಿ ಕಾಫಿ ಕೊಟ್ಟಾರು? ಕೊಟ್ಟರೂ ಅದನ್ನು ಅವನು ಬಗ್ಗಿ ನೋಡಿದರೆ ಏನು ಗತಿ?

ನಮ್ಮ ಟೆಸ್ಟರ್ ಮಾತ್ರ ಸ್ವಭಾವದಲ್ಲಿ ಸಾಧು. ಯಾರಿಗೂ ಕೇಡು ಬಯಸಿದವನಲ್ಲ. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿಕೊಂಡು ಡೈರಿಗೆ ಬಂದು, ಮಧ್ಯಾಹ್ನದವರೆಗೂ "ಇವತ್ತು ಯಾಕೋ ಕಾಲು ನೋಯ್ತಿದೆ" ಎಂದು ಎಲ್ಲರಿಗೂ ಹೇಳುವಂಥವನು. ಆದರೆ ಹಾಲಿನ ವಿಷಯದಲ್ಲಿ ಅವನ ಕಣ್ಣು ತಪ್ಪುತ್ತಿರಲಿಲ್ಲ. ಬೆರಕೆ ಎಂಬ ಮಾತು ಊರಿನಲ್ಲಿ ಹುಟ್ಟಿದ್ದೇ ಅವನ ಬಾಯಿಂದ ಎಂದು ಕೆಲವರು ತಿಳಿದಿದ್ದರು. ಮೂರು ಎಮ್ಮೆ ಕಟ್ಟಿಕೊಂಡಿದ್ದ ಪಕ್ಕದ ಮನೆಯ ಹೆಂಗಸು ಅವರಲ್ಲಿ ಮೊದಲನೆಯವಳು. ಊರಿಗೆಲ್ಲ ಅವಳು ಮೂರೆಮ್ಮೆ ಚಿಕ್ಕಮ್ಮ. ವಾರಕ್ಕೊಮ್ಮೆಯಾದರೂ ಅವಳ ಹಾಲಿನಲ್ಲಿ ಕಡ್ಡಿ ಸ್ವಲ್ಪ ಹೆಚ್ಚಾಗಿಯೇ ಮುಳುಗುತ್ತಿತ್ತು. "ನಮ್ಮ ಎಮ್ಮೆ ಬಾಯಾರಿಕೆಯವು ಕಣಪ್ಪ, ನೀರು ಜಾಸ್ತಿ ಕುಡೀತವೆ. ಅದಕ್ಕೆ ನಾನೇನು ಮಾಡ್ಲಿ?" ಎನ್ನುವುದು ಅವಳ ಖಾಯಂ ಉತ್ತರ.

ಇಂಥ ಟೆಸ್ಟರಿಗೆ ಒಂದು ದಿನ ಚಹಾದಂಗಡಿಯ ಬೆಂಚಿನ ಮೇಲೆ ಬುದ್ಧಿ ಕೆಟ್ಟಿತು. ಅಂಗಡಿಯ ಡಬ್ಬಿ ಸ್ಪೀಕರಿನಲ್ಲಿ ಯಾವುದೋ ಹಾಡು ಬರುತ್ತಿತ್ತು. ಪಕ್ಕದಲ್ಲಿದ್ದವರು "ಆಹಾ, ಏನು ಹಾಡು!" ಎಂದರು. ಟೆಸ್ಟರ್ ಲೋಟವನ್ನು ಕೆಳಗಿಟ್ಟು, ಹಾಲು ನೋಡುವ ಅದೇ ಮುಖ ಮಾಡಿಕೊಂಡು ಹೇಳಿದ: "ಹಾಡು ಪರವಾಗಿಲ್ಲ. ಮಿಕ್ಸಿಂಗ್ ಸರಿಯಾಗಿಲ್ಲ. ದನಿ ಒಂದು ಕಡೆ, ವಾದ್ಯ ಒಂದು ಕಡೆ. ಒಂದಕ್ಕೊಂದು ಹೊಂದಿಕೊಂಡಿಲ್ಲ."

ಹಾಡಿನಲ್ಲಿ ಹಾಗೊಂದು ವಿಚಾರವಿದೆ ಎಂಬುದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಟೆಸ್ಟರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ಹಿಂದಿನ ದಿನ ಊಟವಾದ ಮೇಲೆ ಫೋನಿನಲ್ಲಿ ಯಾರೋ ಈ ವಿದ್ಯೆಯನ್ನು ಹೇಳಿಕೊಡುತ್ತಿದ್ದುದನ್ನು ಅರ್ಧ ನೋಡಿ ನಿದ್ದೆಹೋಗಿದ್ದ. ಅವನ ಪಾಂಡಿತ್ಯವೆಲ್ಲ ಆ ಅರ್ಧದ್ದು. ಗ್ರಹಚಾರಕ್ಕೆ ಅದೇ ಬೆಂಚಿನ ಕೊನೆಯಲ್ಲಿ ಡೈರಿಯ ಅಧ್ಯಕ್ಷರು ಕೂತಿದ್ದರು.

ಅಂದು ಸಾಯಂಕಾಲವೇ ಅಧ್ಯಕ್ಷರು ಅವನನ್ನು ಡೈರಿಯ ಹಿಂಡಿ ಮೂಟೆ ಇಡುವ ಕೋಣೆಗೆ ಕರೆದು ಬಾಗಿಲು ಹಾಕಿದರು.

"ನೋಡಪ್ಪ, ಡೈರಿಯ ಹೊಸ ಕಟ್ಟಡದ ಉದ್ಘಾಟನೆ ಹತ್ತಿರ ಬಂತು. ಅದಕ್ಕೊಂದು ಹಾಡು ಬರೆದಿದೀನಿ."

"ಸಂತೋಷ ಅಧ್ಯಕ್ಷರೇ. ಯಾರು ಹಾಡ್ತಾರೆ?"

ಅಧ್ಯಕ್ಷರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಟೆಸ್ಟರಿಗೆ ಅರ್ಥವಾಯಿತು.

"ನಮ್ಮನೆಯವಳು ಮದುವೆಯಾದ ಹೊಸದರಲ್ಲೇ ನನ್ನ ಹಾಡು ನಿಲ್ಲಿಸಿದೋಳು," ಎಂದು ಅಧ್ಯಕ್ಷರು ದನಿ ತಗ್ಗಿಸಿದರು. "ನೀವು ಹಾಡಿದ್ರೆ ಹಸು ಸೊರೆ ಬಿಡಲ್ಲ, ಹಾಲು ಕೊಡಲ್ಲ ಅಂದಳು. ಆವತ್ತಿಂದ ಬಾಯಿ ಬಿಟ್ಟಿಲ್ಲ. ಈಗ ಎಲ್ಲರ ಎದುರಿಗೆ, ಅವಳನ್ನ ಮುಂದಿನ ಸಾಲಲ್ಲಿ ಕೂರಿಸಿ, ಸ್ಪೀಕರಲ್ಲಿ ಹಾಕಿಸಬೇಕು. ಅವಳು ತಲೆ ತೂಗಬೇಕು. ನೀನು ಮಿಕ್ಸಿಂಗ್ ಬಲ್ಲೋನು. ದನಿ ನಂದೇ ಅಂತ ಗೊತ್ತಾಗಬೇಕು. ಆದ್ರೆ ನನ್ನ ದನಿ ಹಾಗಿರಬಾರದು. ತಿಳೀತಾ?"

"ತಿಳೀತು," ಎಂದ ಟೆಸ್ಟರ್. ಏನೂ ತಿಳಿಯದಿದ್ದಾಗ ಅವನು ಹೇಳುತ್ತಿದ್ದ ಮಾತು ಇದು.

"ಮತ್ತೆ, ನನ್ನ ದನಿಗೆ ನೀನು ಕೈ ಹಾಕಿದೀಯ ಅಂತ ನರಪಿಳ್ಳೆಗೂ ತಿಳೀಬಾರದು. ಬಾಯಿ ಬಿಟ್ಟೆಯೋ, ಆವತ್ತಿಗೆ ನಿನ್ನ ಕೆಲಸ ಮುಗೀತು ಅಂತ ತಿಳ್ಕೋ."

ಮೂಟೆಗಳ ನಡುವೆಯೇ ರೆಕಾರ್ಡಿಂಗ್ ನಡೆಯಿತು. ಹಾಡು ಹೀಗಿತ್ತು: "ಕರೆದಾಗ ಬಾರೆ, ಬಂದಾಗ ಕರೆವೆ." ಕರೆಯುವುದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥವಿದೆ ಎಂಬುದನ್ನು ಮೊದಲು ಕಂಡುಹಿಡಿದವರು ತಾವೇ ಎಂದು ಅಧ್ಯಕ್ಷರು ನಂಬಿದ್ದರು. ದನಿಯ ವಿಚಾರ ಹೇಳುವುದು ಕಷ್ಟ. ಅದು ಮೂಗಿನಿಂದ ಹೊರಟು, ಗಂಟಲಿಗೆ ವಾಪಸು ಹೋಗಿ, ಏನನ್ನೋ ಮರೆತು ಬಂದವರ ಹಾಗೆ ಮತ್ತೆ ಮೂಗಿಗೆ ಬರುತ್ತಿತ್ತು. "ಬಾರೆ" ಎನ್ನುವಲ್ಲಿ ಎಂಥ ಹಸುವಾದರೂ ಬರದೆ ನಿಲ್ಲುವಂತಿತ್ತು. ಪಟ್ಟಣದಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದ ಟೆಸ್ಟರನ ಹಳೆಯ ಸಹಪಾಠಿಯೊಬ್ಬ ಹಾರ್ಮೋನಿಯಂ, ಕೊಳಲು, ಡೋಲುಗಳನ್ನು ನುಡಿಸಿ ಕಳಿಸಿಕೊಟ್ಟ. ಇನ್ನು ಎರಡನ್ನೂ ಸೇರಿಸುವುದೊಂದೇ ಬಾಕಿ.

ಟೆಸ್ಟರ್ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆಲ್ಲ ರಗ್ಗು ನೇತುಹಾಕಿ, ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ.

"ಹೊದೆಯೋದನ್ನೆಲ್ಲ ಗೋಡೆಗೆ ಹೊದಿಸಿದಿರಿ. ನಾವು ಏನು ಹೊದ್ಕೊಳ್ಳೋದು?" ಎಂದಳು ಹೆಂಡತಿ.

"ದನಿ ಗೋಡೆಗೆ ಬಡಿದು ವಾಪಸು ಬರಬಾರದು ಕಣೆ."

"ನಿಮ್ಮ ಅಧ್ಯಕ್ಷರ ದನಿಯಾ? ಅದು ಗೋಡೆ ತೂತು ಮಾಡ್ಕೊಂಡು ಹೋಗುತ್ತೆ, ವಾಪಸು ಎಲ್ಲಿ ಬರುತ್ತೆ?"

ಹೆಂಡತಿಗೆ ಗೊತ್ತಾಗಿಬಿಟ್ಟಿತ್ತು. ಆದರೆ ನರಪಿಳ್ಳೆಯ ಲೆಕ್ಕದಲ್ಲಿ ಹೆಂಡತಿ ಸೇರುವುದಿಲ್ಲವೆಂದು ಟೆಸ್ಟರ್ ಸಮಾಧಾನ ಮಾಡಿಕೊಂಡ.

ಸ್ಟುಡಿಯೋದವನು ಫೋನಿನಲ್ಲೇ ಪಾಠ ಹೇಳಿದ. ಅವನ ಪಾಠ ಬಸ್ಸಿನ ಲೆಕ್ಕದಲ್ಲಿತ್ತು. "ನೋಡು, ನಿನ್ನ ವಾದ್ಯಗಳೆಲ್ಲ ಬಸ್ಸಲ್ಲಿ ಕಾಲು ಚಾಚಿಕೊಂಡು ಕೂತಿವೆ. ದನಿ ಪಾಪ ಬಾಗಿಲಲ್ಲಿ ನೇತಾಡ್ತಿದೆ. ಹಾರ್ಮೋನಿಯಂನ ಎಡಕ್ಕೆ ಸರಿಸು, ಕೊಳಲನ್ನ ಬಲಕ್ಕೆ ಸರಿಸು. ನಡುವೆ ದನಿಗೆ ಸೀಟು ಮಾಡಿಕೊಡು. ಹಾರ್ಮೋನಿಯಂನ ತಳದಲ್ಲಿ ಗುಂಯ್ ಅನ್ನೋ ಕೆಸರಿದೆ, ಅದನ್ನ ತೆಗೆದುಬಿಡು. ದನಿ ಒಂದು ಕಡೆ ಕಿರುಚುತ್ತೆ, ಒಂದು ಕಡೆ ಕೇಳಲ್ಲ. ಕಿರುಚೋದನ್ನ ಅದುಮು, ಕೇಳದ್ದನ್ನ ಎತ್ತು. ಆಮೇಲೆ ಅದು ತೀರಾ ಒಣಗಿದೆ. ಸ್ವಲ್ಪ ಮರುದನಿ ಬೆರೆಸು. ಅದಕ್ಕೆ ನಾವು ಒದ್ದೆ ಮಾಡೋದು ಅಂತೀವಿ."

ಒಣ ದನಿ, ಒದ್ದೆ ದನಿ, ಕೆಸರು, ಸೀಟು ಎಲ್ಲ ಸೇರಿ ಟೆಸ್ಟರನ ತಲೆಯೊಳಗೇ ಮಿಕ್ಸಿಂಗ್ ಶುರುವಾಯಿತು. ಬಸ್ಸಿನ ಲೆಕ್ಕ ಹಿಡಿಯದೆ ಕೊನೆಗೆ ಹಾಲಿನ ಲೆಕ್ಕಕ್ಕೆ ಬಂದ. ದನಿ ಎಂದರೆ ಕೆನೆ. ವಾದ್ಯ ಎಂದರೆ ಕೆಳಗಿನ ಹಾಲು. ಒದ್ದೆ ಎಂದರೆ, ಬೇರೇನು, ನೀರು. ಹುಟ್ಟಿದಾಗಿನಿಂದ ಬೇಡ ಬೇಡ ಎಂದದ್ದನ್ನೆಲ್ಲ ಈಗ ತಾನೇ ಮಾಡಬೇಕು ಎಂದು ತಿಳಿದ ಮೇಲೆ ಕೈ ಸರಾಗವಾಗಿ ಓಡಿತು.

ಕಿವಿಗೆ ಇಯರ್‌ಫೋನ್ ಹಾಕಿಕೊಂಡವನಿಗೆ ತನ್ನ ಮಾತು ತನಗೆ ಕೇಳುವುದಿಲ್ಲ. ಆದ್ದರಿಂದ ಅವನು ಕೂಗುತ್ತಾನೆ. ಟೆಸ್ಟರ್ ಸ್ಟುಡಿಯೋದವನಿಗೆ ಗುಟ್ಟಾಗಿ ಹೇಳುತ್ತಿದ್ದೇನೆ ಎಂದುಕೊಂಡದ್ದು ಹಿತ್ತಲಿಗೆಲ್ಲ ಕೇಳುತ್ತಿತ್ತು. ಮುಸ್ಸಂಜೆಯಲ್ಲಿ ಎಮ್ಮೆ ಕಟ್ಟಲು ಬಂದಿದ್ದ ಮೂರೆಮ್ಮೆ ಚಿಕ್ಕಮ್ಮ ಕೈಯಲ್ಲಿ ಹಗ್ಗ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಅವಳಿಗೆ ಕೇಳಿದ್ದು ಒಂದು ಕಡೆಯ ಮಾತು ಮಾತ್ರ.

"ಅಡಿಯಲ್ಲಿದ್ದ ಕೆಸರೆಲ್ಲ ತೆಗೆದೆ!"

"…"

"ಅಧ್ಯಕ್ಷರದ್ದು ತೀರಾ ಕಳಪೆ ಕಣೋ. ಹಾಗೇ ಬಿಟ್ರೆ ಜನ ಉಗೀತಾರೆ."

"…"

"ಒದ್ದೆ ಇಪ್ಪತ್ತು ಹಾಕಿದೀನಿ. ಸಾಲದಾ? ಮೂವತ್ತು ಮಾಡ್ಲಾ?"

"…"

"ಸರಿ ಸರಿ, ಬೆರೆಸಿದ್ದು ಬೆರೆಸಿದ ಹಾಗೆ ಗೊತ್ತಾಗಬಾರದು. ಅದೇ ತಾನೆ ವಿದ್ಯೆ?"

"…"

"ಹೂಂ, ಅಧ್ಯಕ್ಷರಿಗೆ ಗೊತ್ತಿಲ್ದೇ ಇರುತ್ತಾ? ಅವರೇ ಹೇಳಿ ಮಾಡಿಸ್ತಿರೋದು!"

ಚಿಕ್ಕಮ್ಮನ ಕೈಯಿಂದ ಹಗ್ಗ ಜಾರಿತು. ಎಮ್ಮೆ ಪಕ್ಕದವರ ಸೊಪ್ಪಿನ ಮಡಿಗೆ ನುಗ್ಗಿತು. ಅದನ್ನು ಅವಳು ಗಮನಿಸಲೇ ಇಲ್ಲ ಎಂದರೆ ಸುದ್ದಿಯ ತೂಕ ಎಷ್ಟೆಂದು ತಿಳಿಯಬಹುದು.

ಮರುದಿನ ಬೆಳಿಗ್ಗೆ ಡೈರಿಯ ಮುಂದಿನ ಸಾಲು ಎಂದಿನಂತಿರಲಿಲ್ಲ. ಯಾರೂ ಜಗಳವಾಡುತ್ತಿರಲಿಲ್ಲ. ಹಾಲಂತೂ, ಟೆಸ್ಟರ್ ಕಣ್ಣುಜ್ಜಿಕೊಂಡು ನೋಡಿದ, ಒಬ್ಬರದಕ್ಕಿಂತ ಒಬ್ಬರದು ಗಟ್ಟಿ. ಕಡ್ಡಿ ಮುಳುಗುವುದೇ ಇಲ್ಲ ಎಂದು ಎದೆಯುಬ್ಬಿಸಿ ನಿಂತಿತ್ತು. ಕಾರಣ ಅವನಿಗೆ ಹೊಳೆಯಲಿಲ್ಲ. ಟ್ಯಾಂಕಿನಲ್ಲಿ ನೀರು ಸಿಕ್ಕರೆ ಅದು ಟೆಸ್ಟರನದೇ ಹೊರತು ತಮ್ಮದಲ್ಲ ಎಂದು ತೋರಿಸಬೇಕಾದರೆ ಒಂದೆರಡು ದಿನ ಚೊಕ್ಕ ಹಾಲು ಹಾಕುವುದೇ ದಾರಿ ಎಂದು ಊರು ಮಾತಾಡಿಕೊಂಡಿತ್ತು.

ಚಿಕ್ಕಮ್ಮ ಪಾತ್ರೆ ಇಟ್ಟು ಸೊಂಟಕ್ಕೆ ಕೈ ಕೊಟ್ಟಳು. "ಏನಪ್ಪಾ, ಇಪ್ಪತ್ತೋ ಮೂವತ್ತೋ?"

ಟೆಸ್ಟರ್ ಬೆಚ್ಚಿದ. ಹಾಡಿನ ವಿಷಯ ಹೊರಗೆ ಬಿದ್ದುಹೋಗಿದೆ! ಮೊದಲು ಭಯವಾಯಿತು. ಆದರೆ ಅವಳ ಹಿಂದೆ ನಿಂತಿದ್ದವರೆಲ್ಲ ಬಾಯಿ ತೆರೆದು ತನ್ನನ್ನೇ ನೋಡುತ್ತಿರುವುದು ಕಂಡಿತು. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಇಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ. ವಿದ್ಯೆಯ ಅಭಿಮಾನ ಭಯವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು.

"ನಿಮಗೆ ಹೇಗೆ ಗೊತ್ತಾಯ್ತು ಚಿಕ್ಕಮ್ಮ? ಇರಲಿ. ಇಪ್ಪತ್ತೈದಕ್ಕೆ ನಿಲ್ಲಿಸಿದೆ," ಎಂದ ಮೆತ್ತಗೆ.

ಸಾಲಿನಲ್ಲಿ ಒಂದು ಉದ್ದನೆಯ ಉಸಿರು ಹೊರಬಿತ್ತು.

"ಇಪ್ಪತ್ತೈದು! ಬಾಯಿಬಿಟ್ಟು ಹೇಳ್ತಾನೆ ನೋಡಿ!"

"ಅದಕ್ಕಿಂತ ಜಾಸ್ತಿ ಆದ್ರೆ ಎಲ್ರಿಗೂ ಗೊತ್ತಾಗಿಬಿಡುತ್ತೆ."

"ಮನಸ್ಸಿಗೆ ಏನೂ ಅನ್ನಿಸಲ್ವೇನಪ್ಪಾ?" ಎಂದ ಹಿಂದಿನಿಂದ ಒಬ್ಬ.

"ಮೊದಮೊದಲು ಕಷ್ಟ ಆಯ್ತು ಅಣ್ಣ. ಈಗ ಕೈ ಪಳಗಿದೆ. ಎಲ್ಲ ಕಡೆನೂ ಮಾಡ್ತಾರೆ ಇದನ್ನ. ದೊಡ್ಡ ದೊಡ್ಡೋರದೆಲ್ಲ ಹೀಗೆ ಬೆರೆಸಿಯೇ ಹೊರಗೆ ಬಿಡೋದು. ಬೆರೆಸದೆ ಹಾಗೇ ಕೊಟ್ರೆ ಜನ ಮುಟ್ಟೋದೇ ಇಲ್ಲ."

"ಮಕ್ಕಳೂ ಇದನ್ನೇ ತಾನೆ…" ಎಂದು ಚಿಕ್ಕಮ್ಮ ತನ್ನ ಪಾತ್ರೆಗೆ ಅಂಗೈ ಅಡ್ಡ ಹಿಡಿದಳು.

"ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ," ಎಂದು ಟೆಸ್ಟರ್ ಅವಳಿಗೆ ಧೈರ್ಯ ಹೇಳಿದ. ನಂತರ ಅಕ್ಕಪಕ್ಕ ನೋಡಿ, "ಅಧ್ಯಕ್ಷರ ಹೆಸರು ಮಾತ್ರ ಎಲ್ಲೂ ಎತ್ತಬೇಡಿ. ಉದ್ಘಾಟನೆ ದಿನ ಎಲ್ಲರಿಗೂ ಸಿಗುತ್ತೆ," ಎಂದ.

ಹೀಗೆ ಒಬ್ಬ ಮನುಷ್ಯ ತನ್ನ ಕೈಯಾರೆ ತನ್ನ ಹೊಂಡ ತೋಡಿ, ಅಂಚನ್ನು ಸಾರಿಸಿ ನುಣುಪು ಮಾಡಿ, ಬನ್ನಿ ನೋಡಿ ಎಂದು ಊರನ್ನು ಕರೆದದ್ದು ಬಹುಶಃ ಇದೇ ಮೊದಲು.

ಸುದ್ದಿ ಮೇಲಾಫೀಸಿಗೆ ಮುಟ್ಟಿತು. ಉದ್ಘಾಟನೆಯ ಹಿಂದಿನ ದಿನ ಅಲ್ಲಿಂದ ಸಾಹೇಬರು ಬಂದಿಳಿದರು. ತೆಳ್ಳಗಿನ ಮನುಷ್ಯ. ಜಗತ್ತಿನ ಎಲ್ಲ ಹಾಲೂ ತನಗೆ ಸುಳ್ಳು ಹೇಳುತ್ತಿದೆ ಎಂಬಂಥ ಮುಖ. ಟ್ಯಾಂಕಿನ ಹಾಲು ತೆಗೆಸಿದರು, ಕಡ್ಡಿ ಬಿಟ್ಟರು, ಕನ್ನಡಕ ಒರೆಸಿ ಮತ್ತೆ ಬಿಟ್ಟರು. ಹಾಲು ಹಾಲಾಗಿಯೇ ಇತ್ತು.

"ಇದರಲ್ಲಿ ಏನೂ ಬೆರೆಸಿಲ್ಲವಲ್ಲ," ಎಂದರು.

"ಗೊತ್ತಾಗದ ಹಾಗೆ ಬೆರೆಸ್ತಾನೆ ಸ್ವಾಮಿ. ಅದೇ ವಿದ್ಯೆಯಂತೆ!" ಎಂದು ಚಿಕ್ಕಮ್ಮ ಕಿಟಕಿಯಿಂದ ಕೂಗಿದಳು.

ಸಾಹೇಬರು ಗೊಂದಲದಲ್ಲಿ ಬಿದ್ದರು. "ಇಷ್ಟು ಚೆನ್ನಾಗಿರೋ ಹಾಲು ನಾನು ಯಾವ ಡೈರಿಯಲ್ಲೂ ನೋಡಿಲ್ಲ. ಅದಕ್ಕೇ ಅನುಮಾನ ಬರ್ತಿದೆ," ಎಂದು ಟೆಸ್ಟರನನ್ನು ಎದುರಿಗೆ ನಿಲ್ಲಿಸಿಕೊಂಡರು. ಅಧ್ಯಕ್ಷರು ಪಕ್ಕದ ಕುರ್ಚಿಯಲ್ಲಿ ಕೂತು ಕರವಸ್ತ್ರವನ್ನು ಹಿಂಡುತ್ತಿದ್ದರು.

"ನೀನು ಬೆರೆಸಿದ್ದು ನಿಜವಾ?"

"ನಿಜ ಸಾರ್."

"ಇಪ್ಪತ್ತೈದಾ?"

"ಹೌದು ಸಾರ್. ಆದ್ರೆ ಹಾಲಿಗಲ್ಲ."

"ಮತ್ತೆ ಯಾವುದಕ್ಕೆ?"

ಟೆಸ್ಟರ್ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ಸೂರಿನ ಕಡೆ ನೋಡಿದರು. ಸೂರಿನಲ್ಲಿ ಹಲ್ಲಿಯೊಂದು ಇವರಿಬ್ಬರನ್ನೂ ನೋಡುತ್ತಿತ್ತು.

"ಹೇಳೋ ಹಾಗಿಲ್ಲ ಸಾರ್."

"ಡೈರಿಯಲ್ಲಿ ಹಾಲು ಬಿಟ್ರೆ ಬೆರೆಸೋಕೆ ಇನ್ನೇನಿದೆಯಯ್ಯಾ? ಹಿಂಡೀನಾ?"

"ಹಿಂಡಿ ಮೂಟೆಗಳ ಮಧ್ಯೆನೇ ಸಾರ್, ಆದ್ರೆ ಹಿಂಡಿಗಲ್ಲ."

"ಯಾರು ಹೇಳಿ ಮಾಡಿಸಿದ್ದು?"

"ಅದನ್ನಂತೂ ಹೇಳೋ ಹಾಗೇ ಇಲ್ಲ ಸಾರ್."

ಸಾಹೇಬರು ಎದ್ದರು. "ಆಯ್ತು. ನಾಳೆ ಸಮಾರಂಭ ಇದೆ, ಅದು ಮುಗೀಲಿ. ಮುಗಿಯೋದ್ರೊಳಗೆ ಎಲ್ಲಿ ಬೆರೆಸಿದೆ, ಏನು ಬೆರೆಸಿದೆ ಅಂತ ಎಲ್ಲರ ಮುಂದೆ ಹೇಳು. ಹೇಳದಿದ್ರೆ ಸಾಯಂಕಾಲದ ಹಾಲಿಗೆ ನೀನು ಡೈರಿ ಮೆಟ್ಟಿಲು ಹತ್ತಬೇಡ."

ಸಾಹೇಬರ ಜೀಪು ತಿರುವು ದಾಟಿತೋ ಇಲ್ಲವೋ, ಅಧ್ಯಕ್ಷರು ಅವನ ತೋಳು ಹಿಡಿದು ಮೂಟೆ ಕೋಣೆಗೆ ಎಳೆದುಕೊಂಡು ಹೋದರು.

"ಹೇಳಿದೆಯೋ, ಸಾಹೇಬ್ರು ಇಟ್ಕೊಂಡರೂ ನಾನು ಇಟ್ಕೊಳ್ಳಲ್ಲ!"

"ಹೇಳದಿದ್ರೆ ನೀವು ಇಟ್ಕೊಂಡರೂ ಅವರು ಇಟ್ಕೊಳ್ಳಲ್ವಲ್ಲ ಅಧ್ಯಕ್ಷರೇ."

ಅಧ್ಯಕ್ಷರು ಈ ಮಾತಿನ ಎರಡೂ ತುದಿಯನ್ನು ಹಿಡಿದು ಎಳೆದು ನೋಡಿದರು. ಗಂಟು ಬಿಚ್ಚಲಿಲ್ಲ. "ಅದೆಲ್ಲ ನಾಳೆಗೆ. ಈಗ ಕೇಳು, ನೀನು ಕೇಳಿಸಿದ ಹಾಡಲ್ಲಿ ದನಿ ಸಣ್ಣದಾಯ್ತು. ಇಡೀ ಮೈದಾನ ತುಂಬಬೇಕು. ಅವಳು ಯಾವ ಕಡೆ ತಿರುಗಿದರೂ ನಾನೇ ಇರಬೇಕು. ಹಾಗೆ ಮಾಡು," ಎಂದು ಹೊರಟುಹೋದರು.

ಮನೆಗೆ ಬಂದ ಟೆಸ್ಟರ್ ಸ್ಟುಡಿಯೋದವನಿಗೆ ಫೋನು ಮಾಡಿದ. ಅವನು ಎತ್ತಲಿಲ್ಲ. ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಹೇಳಿಬಿಡ್ರೀ. ಅವರ ದನಿ ಕೆಟ್ಟದ್ದು ಅನ್ನೋದು ಯಾರಿಗೆ ಗೊತ್ತಿಲ್ಲ? ಸಭೆಯಲ್ಲಿ ಕೆಮ್ಮಿದರೇ ಕಾಗೆ ಹಾರುತ್ತೆ."

"ಮಾತು ಕೊಟ್ಟಿದೀನಲ್ಲೇ."

"ಮಾತು ಅವರಿಗೆ ಕೊಟ್ಟಿರಿ, ಕೆಲಸ ಸಾಹೇಬರಿಗೆ ಕೊಡ್ತೀರಿ. ನನಗೆ ಏನು ಕೊಡ್ತೀರಿ, ಲ್ಯಾಪ್‌ಟಾಪಾ?"

ಟೆಸ್ಟರ್ ಕಿವಿ ಮುಚ್ಚಿಕೊಂಡು ಕೆಲಸಕ್ಕೆ ಕೂತ. ತಲೆ ಎಲ್ಲೋ, ಕೈ ಎಲ್ಲೋ. ಕಂಡ ಗುಂಡಿಯನ್ನೆಲ್ಲ ಒತ್ತುತ್ತ ಹೋದ. ಅಧ್ಯಕ್ಷರ ದನಿಯನ್ನು ಎರಡು ಮಾಡಿದ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಕೂರಿಸಿದ. ಬಲಗಡೆಯದನ್ನು ತಲೆಕೆಳಗು ಮಾಡುವ ಗುಂಡಿಯೊಂದು ಸಿಕ್ಕಿತು. ಒತ್ತಿದ. ಅದ್ಭುತ! ಅಧ್ಯಕ್ಷರು ಎರಡು ಕಿವಿಯ ಆಚೆಗೂ ಬೆಟ್ಟದಂತೆ ಎದ್ದು ನಿಂತರು. ಹಾರ್ಮೋನಿಯಂ ಅವರ ಮಡಿಲಲ್ಲಿ ಮಗುವಿನ ಹಾಗೆ ಅಳುತ್ತಿತ್ತು. ಕೆಲಸ ಹೋದರೂ ವಿದ್ಯೆಯಂತೂ ಬಂತು ಎಂದುಕೊಂಡು ಟೆಸ್ಟರ್ ಲ್ಯಾಪ್‌ಟಾಪ್ ಮುಚ್ಚಿದ.

ಮರುದಿನ ಬೆಳಿಗ್ಗೆ ಹೊಸ ಕಟ್ಟಡದ ಮುಂದೆ ಊರೆಲ್ಲ ಸೇರಿತು. ಕುರ್ಚಿಗಳ ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಹೆಂಡತಿ ಕೈ ಕಟ್ಟಿಕೊಂಡು ಕೂತಿದ್ದರು. ಅವರು ಕಡಿಮೆ ಮಾತಿನ ಗಟ್ಟಿ ಹೆಂಗಸು. ಅವರು ಕೈ ಕಟ್ಟಿದರೆ ಕೊಟ್ಟಿಗೆಯ ಹೋರಿಯೂ ನೆಟ್ಟಗೆ ನಿಲ್ಲುತ್ತಿತ್ತಂತೆ. ಪಕ್ಕದಲ್ಲಿ ಸಾಹೇಬರು. ಹಿಂದಿನ ಸಾಲಿನಲ್ಲಿ, ಟೆಸ್ಟರ್ ಬಾಯಿ ಬಿಡುವುದನ್ನು ತಪ್ಪಿಸಿಕೊಳ್ಳಬಾರದೆಂದು ಹಾಲನ್ನೂ ಬೇಗ ಹಾಕಿ ಬಂದಿದ್ದ ಚಿಕ್ಕಮ್ಮ. ವೇದಿಕೆಯ ಪಕ್ಕದ ಕಂಬಕ್ಕೆ ಅಗಲ ಬಾಯಿಯ ಒಂದೇ ಒಂದು ಸ್ಪೀಕರ್ ಕಟ್ಟಿದ್ದರು.

ಸಾಹೇಬರು ರಿಬ್ಬನ್ ಕತ್ತರಿಸಿದರು. ಅಧ್ಯಕ್ಷರು ಮೈಕಿನ ಮುಂದೆ ಬಂದು, "ಈಗ ಒಂದು ಹಾಡು. ಬರೆದದ್ದು ನಾನು. ಹಾಡಿದ್ದೂ… ಕೇಳಿ, ನಿಮಗೇ ತಿಳಿಯುತ್ತೆ," ಎಂದು ಹೆಂಡತಿಯ ಕಡೆ ಒಂದು ನೋಟ ಬೀರಿ, ಪಕ್ಕಕ್ಕೆ ಸರಿದು, ಚಿತ್ರ ತೆಗೆಸಿಕೊಳ್ಳುವವರಂತೆ ನಿಂತರು.

ಟೆಸ್ಟರ್ ಗುಂಡಿ ಒತ್ತಿದ. ಡೋಲು ಬಂತು. ಹಾರ್ಮೋನಿಯಂ ಬಂತು. ಕೊಳಲು ಸುಳಿದು ಹೋಯಿತು. ಅಧ್ಯಕ್ಷರು ಗದ್ದ ಎತ್ತಿದರು. "ಕರೆದಾಗ ಬಾರೆ" ಬರಬೇಕಾದ ಜಾಗ ಬಂತು. ಬಂದು, ಹೋಯಿತು. ಹಾರ್ಮೋನಿಯಂ ಏನೂ ಆಗದವರ ಹಾಗೆ ಮುಂದಕ್ಕೆ ನಡೆಯಿತು.

ಅಧ್ಯಕ್ಷರ ಗದ್ದ ಎತ್ತಿದ್ದು ಎತ್ತಿದ ಹಾಗೇ ಇತ್ತು. ಹುಬ್ಬು ಮಾತ್ರ ಮೆಲ್ಲಗೆ ಕೆಳಗಿಳಿಯಿತು.

"ಚೆನ್ನಾಗಿದೆ," ಎಂದರು ಅಧ್ಯಕ್ಷರ ಹೆಂಡತಿ, ತಲೆದೂಗುತ್ತ. "ಯಾರೂ ಹಾಡ್ತಾ ಇಲ್ಲ. ಇಂಪಾಗಿದೆ."

ಟೆಸ್ಟರ್ ವೇದಿಕೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಸ್ಟುಡಿಯೋದವನಿಗೆ ಫೋನು ಮಾಡಿದ. ಈ ಸಲ ಎತ್ತಿದ. ಎಲ್ಲ ಕೇಳಿಸಿಕೊಂಡು, "ಸ್ಪೀಕರ್ ಎಷ್ಟಿವೆ?" ಎಂದ.

"ಒಂದು."

"ಅಯ್ಯೋ ಪುಣ್ಯಾತ್ಮ! ತಲೆಕೆಳಗು ಮಾಡಿದ ದನಿ, ನೆಟ್ಟಗಿರೋ ದನಿ ಎರಡೂ ಬೇರೆ ಬೇರೆ ಕಿವಿಗೆ ಹೋದ್ರೆ ಬೆಟ್ಟದ ಹಾಗೆ ಕೇಳುತ್ತೆ. ಒಂದೇ ಬಾಯಿಂದ ಬಂದ್ರೆ ಒಂದು ಎತ್ತಿದ್ದನ್ನ ಇನ್ನೊಂದು ಅಷ್ಟೇ ಇಳಿಸುತ್ತೆ. ಒಂದನ್ನೊಂದು ನುಂಗಿ ಸೊನ್ನೆ!"

"ಅಂದ್ರೆ ಅಧ್ಯಕ್ಷರು?"

"ಸೊನ್ನೆ."

ಅಷ್ಟರಲ್ಲಿ ಹಾಡಿನ ಎರಡನೆಯ ಸಾಲಿನ ಜಾಗವೂ ಖಾಲಿಯಾಗಿ ಹೋಯಿತು. ಸಾಹೇಬರು ಗಡಿಯಾರ ನೋಡಿಕೊಂಡರು. ಹಿಂದಿನಿಂದ ಚಿಕ್ಕಮ್ಮ, "ಇದರಲ್ಲೂ ಬರೀ ನೀರೇ!" ಎಂದಳು. ಜನ ಗೊಳ್ಳೆಂದರು. ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಮೈಕು ಎದುರಿಗಿದೆ ಎಂಬುದನ್ನೂ, ಹೆಂಡತಿ ಎದುರಿಗಿದ್ದಾಳೆ ಎಂಬುದನ್ನೂ, ಸಾಹೇಬರು ಎದುರಿಗಿದ್ದಾರೆ ಎಂಬುದನ್ನೂ ಒಟ್ಟಿಗೇ ಮರೆತು ಗುಡುಗಿದರು:

"ಎಲ್ಲಿದೀಯೋ ಟೆಸ್ಟರ್! ಎಲ್ಲೋ ನನ್ನ ದನಿ? ಚೆನ್ನಾಗಿ ಕೇಳೋ ಹಾಗೆ ಇಪ್ಪತ್ತೈದು ಬೆರೆಸಿದೀನಿ ಅಂದೆ, ಈಗ ನೋಡಿದ್ರೆ ಪೂರ್ತಿ ಕರಗಿಸಿಬಿಟ್ಟಿದೀಯಲ್ಲೋ!"

ಒಂಟಿ ಸ್ಪೀಕರು ಈ ಮಾತನ್ನು ಒಂದಕ್ಷರ ನುಂಗದೆ ಊರಿಗೆಲ್ಲ ಹಂಚಿತು.

ಸಾಹೇಬರು ನಿಧಾನವಾಗಿ ಎದ್ದು ನಿಂತರು. "ಅಂದ್ರೆ… ಇವನು ಬೆರೆಸಿದ್ದು ನಿಮ್ಮ ದನಿಗಾ?"

ಅಧ್ಯಕ್ಷರು ಬಾಯಿಗೆ ಕೈ ಮುಚ್ಚಿಕೊಂಡರು. ತಡವಾಗಿತ್ತು. ವೇದಿಕೆಯ ಹಿಂದಿನಿಂದ ತಲೆ ಎತ್ತಿದ ಟೆಸ್ಟರ್, "ನಾನು ಹೇಳಿಲ್ಲ ಅಧ್ಯಕ್ಷರೇ, ನೀವೇ ನೋಡಿದಿರಿ, ನಾನು ಹೇಳೇ ಇಲ್ಲ," ಎಂದು ಎಲ್ಲರಿಗೂ ಕೈ ಮುಗಿದ.

"ಹಾಗಾದ್ರೆ ಹಾಲಿಗೆ ಏನೂ ಹಾಕಿಲ್ವಾ?" ಎಂದು ಜನರ ನಡುವಿನಿಂದ ಒಬ್ಬ ನಿರಾಶೆಯಿಂದ ಕೇಳಿದ. ಸುಮ್ಮನೆ ಚೊಕ್ಕ ಹಾಲು ಹಾಕಿ ನಷ್ಟಮಾಡಿಕೊಂಡೆವಲ್ಲ ಎಂಬ ದುಃಖ ಹಲವರ ಮುಖದಲ್ಲಿ ಕಂಡಿತು.

ಹಾಡು ಇನ್ನೂ ನಡೆಯುತ್ತಲೇ ಇತ್ತು. ಕೊಳಲು ಒಂದು ಸುತ್ತು ಹೊಡೆದು ಮತ್ತೆ ಮೊದಲ ಸಾಲಿನ ಬಾಗಿಲಿಗೆ ಬಂದು ನಿಂತಿತು. ಅಧ್ಯಕ್ಷರು ಹೆಂಡತಿಯ ಕಡೆ ನೋಡಿದರು. ಮಾನ ಹೇಗೂ ಹೋಗಿದೆ. ಹಾಡಾದರೂ ಯಾಕೆ ಉಳಿಯಬೇಕು? ಕಣ್ಣು ಮುಚ್ಚಿ, ಮೈಕು ಹಿಡಿದು ತೆಗೆದರು:

"ಕರೆದಾಗ ಬಾರೇ…"

ಅದುಮದ, ಎತ್ತದ, ಒದ್ದೆಯಾಗದ ಒಣ ದನಿ. ಕಂಬದ ಮೇಲಿನ ಹಕ್ಕಿ ಎದ್ದು ಹೋಯಿತು. ಮುಂದಿನ ಸಾಲಿನ ಮಗು ಅಳುವುದನ್ನು ನಿಲ್ಲಿಸಿ, ತನಗಿಂತ ಜೋರಾಗಿ ಅಳುವವರು ಯಾರೆಂದು ನೋಡಿತು. ಆದರೂ ಅಧ್ಯಕ್ಷರು ನಿಲ್ಲಿಸಲಿಲ್ಲ. ಡೋಲು ಅವರನ್ನು ಬಿಟ್ಟು ಮುಂದೆ ಹೋದರೆ ಓಡಿಹೋಗಿ ಹಿಡಿದರು, ಹಿಂದೆ ಬಿದ್ದರೆ ನಿಂತು ಕಾದರು. ಕೊನೆಯ ಸಾಲು ಮುಗಿಸಿಯೇ ಕಣ್ಣು ತೆರೆದರು.

ಮೂರೆಮ್ಮೆ ಚಿಕ್ಕಮ್ಮ ಎದ್ದು ನಿಂತು ತೀರ್ಪು ಕೊಟ್ಟಳು:

"ಇದು ನೋಡಿ ಚೊಕ್ಕ! ಒಂದು ತೊಟ್ಟೂ ಬೆರೆಸಿಲ್ಲ. ಕುಡಿಯೋಕೆ ಆಗಲ್ಲ, ಅಷ್ಟೇ."

ಆಮೇಲೆ ಬಿದ್ದ ಚಪ್ಪಾಳೆ ಹಾಡಿಗೋ, ಚಿಕ್ಕಮ್ಮನ ಮಾತಿಗೋ, ಹಾಡು ಮುಗಿದದ್ದಕ್ಕೋ ಯಾರಿಗೂ ತಿಳಿಯದು. ಅಧ್ಯಕ್ಷರು ಹಾಡಿಗೇ ಎಂದುಕೊಂಡು ಮೂರು ಕಡೆಗೂ ತಲೆಬಾಗಿಸಿದರು. ಸಾಹೇಬರು ನಗು ತಡೆದುಕೊಂಡು, "ದನಿಗೆ ಬೆರೆಸಬಾರದು ಅಂತ ನಮ್ಮಲ್ಲಿ ಕಾನೂನಿಲ್ಲ. ಇರಬೇಕಿತ್ತೋ ಏನೋ. ಸಾಯಂಕಾಲದ ಹಾಲಿಗೆ ಬಾ," ಎಂದು ಟೆಸ್ಟರನ ಬೆನ್ನು ತಟ್ಟಿ ಜೀಪು ಹತ್ತಿದರು.

ಅಪಾಯ ಇನ್ನೂ ಅರ್ಧ ಉಳಿದಿತ್ತು. ಅಧ್ಯಕ್ಷರು ವೇದಿಕೆ ಇಳಿದು ನೆಟ್ಟಗೆ ಟೆಸ್ಟರನ ಹತ್ತಿರ ಬಂದರು. ಮುಖ ಕೆಂಡವಾಗಿತ್ತು.

"ಬಾಯಿ ಬಿಟ್ರೆ ಕೆಲಸ ಇಲ್ಲ ಅಂದಿದ್ದೆ. ನೀನು ಬಾಯಿ ಬಿಡಲಿಲ್ಲ, ಒಪ್ಪಿದೆ. ಆದರೆ ನನ್ನ ಬಾಯಿ ಬಿಡಿಸಿದೆಯಲ್ಲ! ನಾಳೆಯಿಂದ ನೀನು…"

"ಸುಮ್ನಿರಿ," ಎಂಬ ಮಾತು ಹಿಂದಿನಿಂದ ಬಂತು. ಅಧ್ಯಕ್ಷರ ಹೆಂಡತಿ ಕಟ್ಟಿದ ಕೈ ಬಿಚ್ಚದೆ ಬಂದು ನಿಂತಿದ್ದರು. "ಅವನನ್ನ ಕೆಲಸದಿಂದ ತೆಗೆದು ನೋಡಿ, ಗೊತ್ತಾಗುತ್ತೆ. ಇಷ್ಟು ವರ್ಷ ಸಂಸಾರ ಮಾಡಿ ನನ್ನ ಕೈಲಾಗದ್ದನ್ನ ಅವನು ಮಾಡಿ ತೋರಿಸಿದಾನೆ. ನಿಮ್ಮ ಹಾಡು ಹಾಗೇ ಉಳಿಸಿ, ನಿಮ್ಮ ದನಿ ಒಂದನ್ನೇ ತೆಗೆದಿದಾನೆ."

ಟೆಸ್ಟರಿಗೆ ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಹೊಗಳಿಕೆಯಾದರೆ ತಲೆಬಾಗಬೇಕು, ಬೈಗುಳವಾದರೆ ಕ್ಷಮೆ ಕೇಳಬೇಕು. ಯಾವುದಕ್ಕೂ ಇರಲಿ ಎಂದು ಎರಡನ್ನೂ ಮಾಡಿ, ಹಾಲಿನ ಹೊತ್ತಾಯಿತು ಎಂದು ಡೈರಿಯ ಕಡೆ ಓಡಿದ. ಹಾಲಿನ ಹೊತ್ತಿಗೆ ಇನ್ನೂ ಅರ್ಧ ದಿನವಿತ್ತು.